ಮಂಗಲ ಆಗುವ ತನಕ ಸಿನಿಮಾ ಇಲ್ಲ

ಆ ಅಭಿಪ್ರಾಯ ಬಾದಾಮಿಯಲ್ಲಿ ಬಸ್ಸು ಹತ್ತಿತು. ಅಮೀನಗಡದಲ್ಲಿ ಇಳಿಯಬೇಕಾಗಿತ್ತು, ಇಳಿಯಲಿಲ್ಲ.

ಅದನ್ನು ತಂದವರು ಕಾಲೇಜಿನ ಇಬ್ಬರು ಮೇಡಮ್ಮರು. "ಪುಸ್ತಕ ಓದದೆ ಸಿನಿಮಾ ನೋಡೋದು ಅಂದ್ರೆ, ಮದುವೇಲಿ ಅಕ್ಕಿಕಾಳು ಹಾಕದೆ ಸೀದಾ ಪಂಗತಿಗೆ ಹೋಗಿ ಕೂತ ಹಾಗೆ" ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಹೌದೆಂದರು. ಪಕ್ಕದಲ್ಲಿ ಟಿಕೆಟ್ ಯಂತ್ರ ಒತ್ತುತ್ತ ನಿಂತಿದ್ದ ಕಂಡಕ್ಟರ್ ಮಲಕಪ್ಪ ಅದನ್ನು ಕೇಳಿದ. ಬಾದಾಮಿ–ಇಳಕಲ್ ದಾರಿಯಲ್ಲಿ ಹತ್ತೊಂಬತ್ತು ವರ್ಷ ಓಡಾಡಿದ ಅವನಿಗೆ ಜನ ಬಸ್ಸಿನಲ್ಲಿ ಬಿಟ್ಟುಹೋಗುವ ವಸ್ತುಗಳೇನೂ ಹೊಸವಲ್ಲ. ಕೊಡೆ, ಚಪ್ಪಲಿ, ಒಮ್ಮೆ ಒಂದು ಜೀವಂತ ಕೋಳಿ. ಎಲ್ಲವನ್ನೂ ಡಿಪೋದಲ್ಲಿ ಒಪ್ಪಿಸಿ ಸಹಿ ಹಾಕಿಸಿಕೊಂಡಿದ್ದಾನೆ. ಮೇಡಮ್ಮರು ಬಿಟ್ಟುಹೋದ ಅಭಿಪ್ರಾಯವನ್ನು ಮಾತ್ರ ಒಪ್ಪಿಸಲಿಲ್ಲ. ಮನೆಗೆ ತಂದ.

ಮನೆ ಹುನಗುಂದದ ಬೀರಪ್ಪನ ಗುಡಿ ಓಣಿಯಲ್ಲಿ. ಆ ಶನಿವಾರ ಸಂಜೆ ಓಣಿಯ ಮಂದಿಯೆಲ್ಲ ಗುಡಿಯ ಕಟ್ಟೆಯ ಮೇಲೆ ಸೇರಿತ್ತು. ಮರುದಿನ ಎರಡು ಕ್ರೂಸರ್ ಗಾಡಿ ಮಾಡಿಕೊಂಡು ಇಪ್ಪತ್ತಮೂರು ಜನ ಬಾಗಲಕೋಟೆಗೆ ಸಿನಿಮಾಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಸಿನಿಮಾದ ಹೆಸರು 'ಅಗಸಿಯ ಆಚೆ'. ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿದ್ದು ಎಂದು ಪೋಸ್ಟರಿನಲ್ಲಿ ಬರೆದಿತ್ತು. ಓಣಿಗೆ ಕಾದಂಬರಿಯ ಗೊಡವೆ ಇರಲಿಲ್ಲ. ಅವರು ಹೊರಟದ್ದು ಲಗಮವ್ವನನ್ನು ನೋಡುವುದಕ್ಕೆ.

ಲಗಮವ್ವ ಎಂದರೆ ಮಲಕಪ್ಪನ ಅತ್ತೆ, ಹೆಂಡತಿ ಜಯಶ್ರೀಯ ತಾಯಿ. ಊರು ಪಟ್ಟದಕಲ್ಲು. ಎರಡು ವರ್ಷದ ಹಿಂದೆ ಸಿನಿಮಾದವರು ಅಲ್ಲಿ ಹೊಳೆಯ ದಂಡೆಗೆ ಕ್ಯಾಮೆರಾ ಹೂಡಿದಾಗ, ನೀರಿಗೆ ಬಂದಿದ್ದ ಆಕೆಯನ್ನು ಕರೆದು, "ಅಜ್ಜಿ, ಕೊಡ ಹೊತ್ತುಕೊಂಡು ಆ ಕಡೆಯಿಂದ ಈ ಕಡೆ ನಡೀರಿ" ಎಂದಿದ್ದರು. ಆಕೆ ನಡೆದಳು. ಆಕೆಯ ಕುರಿಗಳೂ ಹಿಂದೆ ನಡೆದವು. "ಕುರಿ ತೆಗೀರಿ!" ಎಂದು ಕೂಗಿದರು. ಹೀಗೆ ಹನ್ನೊಂದು ಸಲ. ಹನ್ನೆರಡನೆಯ ಸಲಕ್ಕೆ ಕೂಗುವವರಿಗೇ ಸಾಕಾಗಿ, ಒಂದು ಬಿಸ್ಕೀಟಿನ ಪುಡಿಕೆ ಕೊಟ್ಟು ಕಳಿಸಿದರು. ಅಂದಿನಿಂದ ಲಗಮವ್ವನಿಗೆ ಒಂದೇ ಪ್ರಶ್ನೆ: ತಾನು ಸಿನಿಮಾದಲ್ಲಿ ಉಳಿದಿದ್ದೇನೋ ಇಲ್ಲವೋ. ಪಕ್ಕದ ಮನೆಯ ಅಮೀನಬಿ "ನಿನ್ನ ಕತ್ತರಿಸಿ ಹೊಳ್ಯಾಗ ಒಗದಿರ್ತಾರ ತಗೋ" ಎಂದು ಎರಡು ವರ್ಷವೂ ಅಂದಿದ್ದಳು. ಕಣ್ಣಾರೆ ಕಂಡೇ ತಿರುಗಿ ಹೋಗುವುದೆಂದು ಲಗಮವ್ವ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಮಗಳ ಮನೆಗೆ ಬಂದಿದ್ದಳು.

ಇಂಥ ಹೊತ್ತಿನಲ್ಲಿ ಮಲಕಪ್ಪ ಕಟ್ಟೆಗೆ ಬಂದು, ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತ, "ಪುಸ್ತಕಾ ಓದದ ಸಿನಿಮಾ ನೋಡೂದಂದ್ರ, ಅಕ್ಕಿಕಾಳ ಹಾಕದ ಪಂಗತಿಗೆ ಹೋಗಿ ಕೂತಂಗ ನೋಡ್ರಿ" ಎಂದ.

ಕಟ್ಟೆ ಸುಮ್ಮನಾಯಿತು. ಬಸ್ಸಿನಲ್ಲಿ ಮಲಕಪ್ಪನ ಮಾತಿಗೆ ಇಪ್ಪತ್ತು ವರ್ಷದ ಸಮೀಪ ಯಾರೂ ಸುಮ್ಮನಾಗಿರಲಿಲ್ಲ. ಆ ಮೌನ ಅವನ ತಲೆಗೇರಿತು. "ನಮ್ಮ ಓಣ್ಯಾಗಂತೂ ಪುಸ್ತಕಾ ಮುಗಿಯೂತನಾ ಯಾರೂ ಟಾಕೀಜಿನ ಮೆಟ್ಟಲಾ ಹತ್ತಂಗಿಲ್ಲ" ಎಂದುಬಿಟ್ಟ.

"ನೀವು ಕಡೀಕ ಓದಿದ ಪುಸ್ತಕ ಯಾವದ್ರಿ?" ಜಯಶ್ರೀ ಕೇಳಿದಳು.

"ಅದು ಇಲ್ಲಿ ಪ್ರಶ್ನಿ ಅಲ್ಲ."

"ಇವ್ರು ಓದಿದ್ದು ಪಿಯುಸಿ ಗೈಡ. ಅದೂ ಕಡೀತನಾ ಓದಿದ್ರ ಪಾಸ್ ಆಗ್ತಿದ್ರು" ಎಂದಳು ಮೌಲಾಬಿ. ಈಕೆ ಎದುರುಮನೆಯವಳು. ಗಂಡ ಹುಸೇನಸಾಬ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಶಾಲೆಯ ಹಾಜರಿ ಪುಸ್ತಕದಿಂದ ಹಿಡಿದು ಊರ ಗ್ರಂಥಾಲಯದ ಹರಿದ ಕಾದಂಬರಿಗಳವರೆಗೆ ಎಲ್ಲ ಅವನ ಸೂಜಿಯ ಕೆಳಗೇ ಬರುತ್ತಿದ್ದವು.

ಮಲಕಪ್ಪ ಇಷ್ಟಕ್ಕೇ ಬಿಟ್ಟಿದ್ದರೆ ಮಾತು ನಗೆಯಲ್ಲಿ ಮುಗಿಯುತ್ತಿತ್ತು. ಅವನು, "ಓದಬೇಕಂದ್ರ ಪುಸ್ತಕಾ ಸಿಗಬೇಕಲ್ಲ, ಏನ ಮಾಡೂದು" ಎಂದು ದೊಡ್ಡ ಉಸಿರು ಬಿಟ್ಟು ಪಾರಾಗಲು ನೋಡಿದ.

"ನಮ್ಮ ಲೈಬ್ರರ್ಯಾಗ ಐತಿ" ಎಂದ ಹುಸೇನಸಾಬ. "ಮಳಿಗಾಲದಾಗ ನಾನ ರಟ್ಟ ಕಟ್ಟೇನಿ. ಹೊಲಿಗಿ ಹೆಂಗೈತಿ ಅಂತೀರಿ! ಪುಸ್ತಕಾ ಹಿಡಿದು ಎತ್ತಿ ಒಗದ್ರೂ ಒಂದ ಹಾಳಿ ಅಲಗಾಡಂಗಿಲ್ಲ."

ಭಾನುವಾರ ಕ್ರೂಸರ್‌ಗಳು ಬರಲಿಲ್ಲ. ಪುಸ್ತಕ ಬಂತು.

ಹುಸೇನಸಾಬ ಹೇಳಿದ್ದು ಸುಳ್ಳಲ್ಲ. ಹಸಿರು ರಟ್ಟು, ಕೆಂಪು ಬೆನ್ನು, ಇಟ್ಟಂಗಿಯಂಥ ಪುಸ್ತಕ. ಮೂರೂ ಅಂಚು ಒಂದೇ ಸಮ. ಆ ಸಮ ಬರಲೆಂದು ಹುಸೇನಸಾಬ ಅಂಚುಗಳನ್ನು ಎಷ್ಟು ಕತ್ತರಿಸಿದ್ದನೆಂದರೆ ಪುಟಗಳ ಸಂಖ್ಯೆಗಳೆಲ್ಲ ಕತ್ತರಿಯ ಪಾಲಾಗಿದ್ದವು. ಕೇಳಿದರೆ, "ನಂಬರ್ ಯಾಕ ಬೇಕ್ರಿ? ಓದಾಂವ ಸಾಲ ಹಿಡಕೊಂಡ ಹೊಂಟ್ರ ತಾನ ಮುಟ್ಟತಾನ" ಎನ್ನುತ್ತಿದ್ದ.

ಮಲಕಪ್ಪ ಸಂಜೆ ಕಟ್ಟೆಯ ಮೇಲೆ ಕೂತು, ಎಲ್ಲರಿಗೂ ಕಾಣುವ ಹಾಗೆ ಪುಸ್ತಕ ತೆರೆದು, ಒಂದೂವರೆ ಪುಟ ಓದಿ, ನಿದ್ದೆ ಹೋದ.

"ಏನ್ರಿ" ಜಯಶ್ರೀ ಅಲುಗಾಡಿಸಿದಳು. "ಎಲ್ಲಾರೂ ಓದಬೇಕಂದ್ರಿ. ಪುಸ್ತಕ ಒಂದು, ಮಂದಿ ಇಪ್ಪತ್ತಮೂರು. ನೀವು ಹಿಂಗ ಒಂದೂವರಿ ಪುಟಕ್ಕ ಗೊರಕಿ ಹೊಡದ್ರ, ನಮ್ಮವ್ವ ಮುಂದಿನ ವರ್ಸ ಸಿನಿಮಾ ನೋಡಬೇಕೇನು? ಗಟ್ಟಿಯಾಗಿ ಓದ್ರಿ. ಎಲ್ಲಾರೂ ಕೇಳ್ತೇವಿ."

ಮಲಕಪ್ಪ ಗಂಟಲು ಸರಿಮಾಡಿಕೊಂಡ. ಗಟ್ಟಿಯಾಗಿ ಕೂಗುವುದು ಅವನ ವೃತ್ತಿ. "ಮೊದಲನೆಯ ಅಧ್ಯಾಯ!" ಎಂದು ಅವನು ಕೂಗಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಚೀಲ ಹಿಡಿದು ಓಡಿಬಂದರು, ಬಸ್ಸು ಕಾಣದೆ ಬೈದು ಹೋದರು.

ಆಗ ಸಂಗವ್ವ ಬಂದಳು. ಸಂಗವ್ವ ಓಣಿಯ ಹಿರಿಯಳು. ಮಠದಲ್ಲಿ ಎಪ್ಪತ್ತು ವರ್ಷ ಪುರಾಣ ಕೇಳಿದ ಕಿವಿ ಆಕೆಯದು. ಒಬ್ಬ ಗಂಡಸು ಕಟ್ಟೆಯ ಮೇಲೆ ಕೂತು ದಪ್ಪ ಪುಸ್ತಕ ಗಟ್ಟಿಯಾಗಿ ಓದುತ್ತಾನೆ, ಮಂದಿ ಸುತ್ತ ಕೂತು ಕೇಳುತ್ತಾರೆ ಎಂದರೆ ಅದು ಏನೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳಗೆ ಹೋಗಿ ದೀಪ ತಂದು ಪುಸ್ತಕದ ಮುಂದಿಟ್ಟಳು. ಎರಡು ಊದಿನಕಡ್ಡಿ ಹಚ್ಚಿದಳು. ಒಂದು ಕಾಯಿ ಇಟ್ಟಳು.

"ಪುರಾಣ ಹಚ್ಚೇತಿ" ಎಂದಳು. "ಇನ್ನ ಮುಗದು ಮಂಗಲ ಆಗೂತನಾ ಓಣ್ಯಾಗಿನ ಮಂದಿ ಊರ ಸೀಮಿ ದಾಟಂಗಿಲ್ಲ."

"ಯವ್ವಾ, ಇದು ಪುರಾಣಲ್ಲ. ಕಾದಂಬರಿ" ಎಂದ ಮಲಕಪ್ಪ.

"ದೀಪ ಹಚ್ಚೇನೋ ಇಲ್ಲೋ?"

"ಹಚ್ಚೀರಿ."

"ಮತ್ತ? ಹಚ್ಚಿದ ದೀಪಕ್ಕ ಕಾದಂಬರಿ ಗೊತ್ತೇನು? ಓದು."

"ನಾ ದಿನಾ ಬಾದಾಮಿಗೆ ಹೋಗಬೇಕಲ್ಲವ್ವ, ಡ್ಯೂಟಿ ಐತಿ."

ಸಂಗವ್ವ ಸ್ವಲ್ಪ ಯೋಚಿಸಿದಳು. "ಸರಕಾರಿ ಕೆಲಸಕ್ಕ ದೋಷಿಲ್ಲ" ಎಂದು ವಿನಾಯಿತಿ ಕೊಟ್ಟಳು. ಉಳಿದ ಇಪ್ಪತ್ತೆರಡು ಜನಕ್ಕೆ ವಿನಾಯಿತಿ ಇರಲಿಲ್ಲ. ತನ್ನ ಮಾತಿನಲ್ಲಿ ಮಲಕಪ್ಪ ಸಿಕ್ಕಿಕೊಂಡಿದ್ದ, ಈಗ ಅದಕ್ಕೆ ಸಂಗವ್ವ ಹೊರಗಿನಿಂದ ಚಿಲಕ ಹಾಕಿದಳು.

ಕಾದಂಬರಿಯಲ್ಲಿ ಹಣಮೇಶ ಎಂಬ ಕಲ್ಲು ಒಡೆಯುವವನು ಇದ್ದ. ಅಂಜನಾ ಎಂಬ ಹುಡುಗಿ ಇದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹಾಗೆಂದು ಹೇಳುವುದಕ್ಕೆ ಲೇಖಕರು ನೂರಾ ನಲವತ್ತು ಪುಟ ತೆಗೆದುಕೊಂಡಿದ್ದರು. ಕಟ್ಟೆಯ ಮಂದಿ ಅದನ್ನು ಮೂರನೆಯ ಪುಟಕ್ಕೇ ತಿಳಿದುಕೊಂಡು, ಲಗ್ನ ಯಾವಾಗ ಎಂದು ಕೇಳತೊಡಗಿತು. ಮೌಲಾಬಿಗೆ ಬೇರೆ ಚಿಂತೆ. "ಆ ಹುಡಿಗಿ ಉಂಡಾಳೇನ್ರಿ? ಮುಂಜೇಲಿಂದ ಅಳಾಕತ್ತಾಳ, ಹೊಟ್ಯಾಗ ಏನೂ ಇಲ್ಲ. ಬರದಾಂವ ಒಂದ ರೊಟ್ಟಿ ಕೊಡಬಾರದ?"

"ಊಟದ ವಿಷಯ ಬರದಿಲ್ಲ."

"ಹಿಂದಿನ ಹಾಳ್ಯಾಗ ನೋಡ್ರಿ, ಇರತೈತಿ."

ಯಾರಾದರೂ ತಡವಾಗಿ ಬಂದರೆ ಸಂಗವ್ವ ಕತೆಯನ್ನು ಮೊದಲಿನಿಂದ ಹೇಳಿಸುತ್ತಿದ್ದಳು. ಪುರಾಣ ಅರ್ಧ ಕೇಳಿದರೆ ಅದಕ್ಕೆ ಬೆಲೆ ಇಲ್ಲವಂತೆ. ದಿನಕ್ಕೊಬ್ಬರ ಮನೆಯಿಂದ ಫಳಾರ. ಒಂದು ಅಧ್ಯಾಯ ಮುಗಿದಾಗ ಮಲಕಪ್ಪ ರೂಢಿಬಲದಿಂದ "ರೈಟ್!" ಎನ್ನುತ್ತಿದ್ದ, ಚುರಮುರಿ ಹಂಚುತ್ತಿದ್ದರು. ಲಗಮವ್ವ ಮಾತ್ರ ಹಿಂದಿನ ಸಾಲಿನಲ್ಲಿ ಕಂಬಕ್ಕೆ ಆತು ಕೂತು ಕೇಳುತ್ತಿದ್ದಳು. ಹೊಳೆ ಎಂಬ ಮಾತು ಬಂದಾಗಲೆಲ್ಲ ನೆಟ್ಟಗಾಗುತ್ತಿದ್ದಳು.

"ಮಲಕಪ್ಪಾ, ನಾ ಬಂದ್ನೇನು?"

"ಇನ್ನೂ ಇಲ್ಲತ್ತಿ. ಮುಂದ ಬರ್ತೀರಿ."

ಮಂಗಳವಾರ ಬಾಗಲಕೋಟೆಯಿಂದ ಬಂದ ಡ್ರೈವರನೊಬ್ಬ ಸುದ್ದಿ ತಂದ: ಗುರುವಾರದ ಮ್ಯಾಟ್ನಿಯೇ ಕಡೆಯದು. ಅದಾದ ಮೇಲೆ ಸಿನಿಮಾ ಎತ್ತುತ್ತಾರೆ, ಸಂಜೆಗೇ ಬೇರೆಯದು. ಜಯಶ್ರೀ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಓದಿ ಮುಗಿಸಿದ ಭಾಗವನ್ನೂ ಉಳಿದ ಭಾಗವನ್ನೂ ಎರಡು ಬೆರಳಲ್ಲಿ ಅಳೆದು ನೋಡಿದಳು. ಉಳಿದದ್ದೇ ದಪ್ಪ.

"ನಮ್ಮವ್ವ ಸಿನಿಮಾ ನೋಡದ ಊರಿಗೆ ಹೋದ್ಲಂದ್ರ" ಎಂದಳು ಮೆಲ್ಲಗೆ, "ನೀವು ಆ ಪುಸ್ತಕಾ ತಲಿದಿಂಬ ಮಾಡಕೊಂಡ ಕಟ್ಟಿಮ್ಯಾಲ ಮಲಗ್ರಿ. ಒಳಗ ಬರಬ್ಯಾಡ್ರಿ."

"ನಡುವ ಹತ್ತ ಹಾಳಿ ಹಾರಿಸಿದ್ರ ನಡೀತೈತೇನವ್ವ?" ಮಲಕಪ್ಪ ಸಂಗವ್ವನನ್ನು ಕೇಳಿದ.

"ನಿನ್ನ ಬಸ್ಸು ನಡುವ ಹತ್ತ ಊರ ಹಾರಿಸತೈತೇನು?"

ಮಲಕಪ್ಪ ಎರಡು ದಿನ ರಜೆ ಹಾಕಿದ. ಕಾರಣ ಎಂಬಲ್ಲಿ 'ಪುರಾಣ' ಎಂದು ಬರೆದ. ಮಂಜೂರಾಯಿತು.

ಬುಧವಾರ ಸಂಜೆ ಕತೆ ಹೊಳೆಯ ದಂಡೆ ಮುಟ್ಟಿತು. ಹಣಮೇಶ ಊರು ಬಿಟ್ಟು ಹೊರಟಿದ್ದ. ಅಂಜನಾ ಓಡಿಬಂದಿದ್ದಳು. ಕಟ್ಟೆಯ ಮೇಲೆ ಒಬ್ಬರೂ ಕೆಮ್ಮಲಿಲ್ಲ. ಮಲಕಪ್ಪನ ದನಿ ತಾನಾಗಿ ಇಳಿಯಿತು.

"'ಹಣಮೇಶ ತಿರುಗಿ ನೋಡಿದ. ಅಂಜನಾಳ ಕಣ್ಣು ತುಂಬಿ ಬಂದಿತ್ತು. ಅವಳ...'"

ಹಾಳೆ ತಿರುವಿದ.

"'...ಗೊರಸುಗಳನ್ನು ವಾರಕ್ಕೊಮ್ಮೆ ಪರೀಕ್ಷಿಸಿ, ಬೆಳೆದಿದ್ದರೆ ಕತ್ತರಿಸತಕ್ಕದ್ದು.'"

ಇಲ್ಲಿ ಆದದ್ದೇನೆಂದು ಓದುಗರಿಗೆ ಹೇಳಿಬಿಡುವುದು ಮೇಲು. ಮಳೆಗಾಲದಲ್ಲಿ ಗ್ರಂಥಾಲಯದ ಮಾಡು ಸೋರಿ ಎರಡು ಪುಸ್ತಕಗಳ ರಟ್ಟು ಕಿತ್ತುಹೋಗಿತ್ತು. ಒಂದು ಈ ಕಾದಂಬರಿ. ಇನ್ನೊಂದು 'ಸುಧಾರಿತ ಕುರಿ ಸಾಕಾಣಿಕೆ' ಎಂಬ ಕೈಪಿಡಿ. ಎರಡೂ ಒಂದೇ ಚೀಲದಲ್ಲಿ ಹುಸೇನಸಾಬನ ಮನೆಗೆ ಬಂದವು. ಹಾಳೆ ಜೋಡಿಸುತ್ತಿದ್ದಾಗ ಮೌಲಾಬಿ ಚಹಾಕ್ಕೆ ಕರೆದಳು. ಅವನು ಎದ್ದು ಹೋಗಿ ಬಂದು, ಒಂದರ ತಲೆಗೆ ಇನ್ನೊಂದರ ಬಾಲ ಸೇರಿಸಿ, ಎತ್ತಿ ಒಗೆದರೂ ಅಲುಗಾಡದ ಹಾಗೆ ಹೊಲಿದ. ಪುಟದ ಸಂಖ್ಯೆ ಇದ್ದಿದ್ದರೆ ಗೊತ್ತಾಗುತ್ತಿತ್ತು. ಅದನ್ನು ಕತ್ತರಿ ನುಂಗಿತ್ತು. ಈ ಸಂಗತಿ ನಿಮಗೆ ಗೊತ್ತಾಯಿತು. ಓಣಿಗೆ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಕೂತಿದ್ದ ಹುಸೇನಸಾಬನಿಗೂ ಗೊತ್ತಿಲ್ಲ.

"ಗೊರಸ?" ಎಂದಳು ಮೌಲಾಬಿ.

ಮಲಕಪ್ಪ ಹಾಳೆಯನ್ನು ದೀಪಕ್ಕೆ ಹಿಡಿದು ನೋಡಿದ. ಅಕ್ಷರ ಅಕ್ಷರವೇ ಆಗಿತ್ತು. ಗೊತ್ತಿಲ್ಲ ಎನ್ನುವುದು ಓದಿದವನಿಗೆ ಶೋಭಿಸದು. "ದೊಡ್ಡ ಸಾಹಿತ್ಯ ಹಿಂಗ ಇರತೈತಿ" ಎಂದು ಗಂಭೀರವಾಗಿ ಹೇಳಿದ. "ಒಮ್ಮಿಗಿಲೇ ತಿಳಿಯಂಗಿಲ್ಲ. ಮುಂದ ಕೇಳ್ರಿ. 'ಗರ್ಭ ಧರಿಸಿದ ಕೊನೆಯ ಆರು ವಾರ ಹೆಚ್ಚಿನ ಆಹಾರ ಕೊಡಬೇಕು. ದೂರ ನಡೆಸಬಾರದು.'"

"ಯವ್ವಾ!" ಮೌಲಾಬಿ ಬಾಯಿಗೆ ಸೆರಗು ಒತ್ತಿದಳು. "ಬಸರದಾಳ! ಅದಕ್ಕ ಅಳಾಕತ್ತಿದ್ಲು. ನಾ ಮೊದಲಿಂದ ಅನ್ನಾಕತ್ತೇನಿ ಊಟಾ ಕೊಡ್ರಿ ಅಂತ!"

"ಲಗ್ನ ಆಗಿಲ್ಲಲ್ಲೋ ಮಲಕಪ್ಪಾ?" ಸಂಗವ್ವ ದೀಪದ ಕುಡಿ ಸಣ್ಣ ಮಾಡಿದಳು.

ಮಲಕಪ್ಪ ಗಾಬರಿಯಿಂದ ಎರಡು ಸಾಲು ಮುಂದೆ ಕಣ್ಣೋಡಿಸಿದ. ದೇವರು ದೊಡ್ಡವನು. "ಇಲ್ಲವ್ವಾ, ಇಲ್ಲ. 'ಇಂಥ ಕುರಿಗಳನ್ನು ಪ್ರತ್ಯೇಕ ದೊಡ್ಡಿಯಲ್ಲಿ ಇಡಬೇಕು.' ಇದು ಕುರಿ ಮಾತು. ಹಣಮೇಶ... ಹಣಮೇಶ ಕಲ್ಲ ಒಡಿಯೂದು ಬಿಟ್ಟು ಕುರಿ ಸಾಕ್ಯಾನ!"

ಕಟ್ಟೆಯ ಮೇಲೆ ಉಸಿರು ಹೊರಬಿತ್ತು. ಓಣಿಯಲ್ಲಿ ಕುರಿಯ ನಂಟಿಲ್ಲದ ಮನೆ ಎರಡೋ ಮೂರೋ. ಇಷ್ಟು ದಿನ ಹಣಮೇಶನ ಬಗ್ಗೆ ಅವರಿಗೆ ಒಲವು ಅಷ್ಟಕ್ಕಷ್ಟೆ ಇತ್ತು. ದಿನಾ ಅಳುವ ಗಂಡಸು. ಈಗ ಒಮ್ಮೆಲೇ ಅವನು ಮನೆಯ ಮಗನಾದ.

"ಶಾಣ್ಯಾ ಆದ ತಗೋ" ಎಂದಳು ಸಂಗವ್ವ. "ಬೀರಪ್ಪ ಬುದ್ಧಿ ಕೊಟ್ಟ."

ಅಂದು ಹನ್ನೆರಡು ಪುಟ ಹೋದದ್ದೇ ತಿಳಿಯಲಿಲ್ಲ. ಮರಿಗೆ ಹಾಲು ಸಾಲದಾದಾಗ ಹೆಂಗಸರು ಲೊಚಗುಟ್ಟಿದರು. ಜಂತುಹುಳದ ಭಾಗ ಮುಗಿಯುವ ತನಕ ಯಾರೂ ಚುರಮುರಿ ಮುಟ್ಟಲಿಲ್ಲ. ಕಾಲುಬೇನೆ ಬಂದಾಗ ಹುಸೇನಸಾಬ ಕಣ್ಣೊರೆಸಿಕೊಂಡು, "ಇಂಥಾ ಪುಸ್ತಕಕ್ಕ ನಾ ಹೊಲಿಗಿ ಹಾಕೇನಿ ಅನ್ನೂದ ಪುಣ್ಯಾ" ಎಂದ.

ಗುರುವಾರ ಬೆಳಗ್ಗೆ ಕಡೆಯ ಪುಟ. ಮಲಕಪ್ಪ ಎದ್ದು ನಿಂತು, ಎಡಗೈಯಲ್ಲಿ ಪುಸ್ತಕ ಹಿಡಿದು ಓದಿದ:

"'ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ.'"

ಸಂಗವ್ವ ಕಾಯಿ ಒಡೆದಳು. ಮಂಗಲವಾಯಿತು. ಕಂಬದ ಕಡೆಯಿಂದ ಒಂದು ದನಿ ಬಂತು.

"ನಾ ಬರಲೇ ಇಲ್ಲಲ್ಲೋ ತಮ್ಮಾ."

"ಸಿನಿಮಾದಾಗ ಬರ್ತೀರತ್ತಿ" ಎಂದ ಮಲಕಪ್ಪ. "ಗಾಡಿ ಹತ್ರಿ."

ಬಾಗಲಕೋಟೆಯ ಟಾಕೀಜಿನಲ್ಲಿ ಆ ಮಧ್ಯಾಹ್ನ ಓಣಿಯ ಇಪ್ಪತ್ತಮೂರು ಮಂದಿ, ಅವರಲ್ಲದೆ ಒಂಬತ್ತು ಜನ. ಪುಸ್ತಕ ಮಲಕಪ್ಪನ ಕಂಕುಳಲ್ಲಿತ್ತು. ಅವನು ಲಗಮವ್ವನ ಮುಂದಿನ ಸಾಲಿನಲ್ಲಿ ಕೂತಿದ್ದ. ಕೂತಿದ್ದ ಎಂದರೆ ಆಗಾಗ. ಪರದೆಯ ಮೇಲೆ ಏನು ಬಂದರೂ ಎದ್ದು ನಿಂತು ಹಿಂದಕ್ಕೆ ತಿರುಗಿ ತೀರ್ಪು ಕೊಡುತ್ತಿದ್ದ.

"ಪುಸ್ತಕದಾಗ ಮೀಸಿ ಇದ್ದಿಲ್ಲ!"

"ಇದು ನಾಕನೇ ಅಧ್ಯಾಯದಾಗ ಬರಬೇಕಾಗಿತ್ತು, ಎರಡನೇದ್ರಾಗ ತಂದಾರ!"

"ಕೂಡ್ರೋ ಮಾರಾಯಾ!" ಆ ಒಂಬತ್ತು ಜನರಲ್ಲಿ ಒಬ್ಬ ಕೂಗಿದ.

"ಓದಿ ಬಂದೀಯೇನಪಾ ನೀ?" ಮಲಕಪ್ಪ ಕೇಳಿದ.

ಮಧ್ಯಂತರ ಮುಗಿದು ಸ್ವಲ್ಪ ಹೊತ್ತಿಗೆ ಹೊಳೆ ಬಂತು. ಹಣಮೇಶ ಬಂದ. ಅಂಜನಾ ಕೆಂಪು ಸೀರೆ ಉಟ್ಟು ಓಡಿ ಬಂದಳು. ಪುಸ್ತಕದಲ್ಲಿ ಅದು ಹಸಿರು ಸೀರೆ. ಮಲಕಪ್ಪ ಸ್ಪ್ರಿಂಗಿನಂತೆ ಎದ್ದ. "ಹಸರ! ಹಸರ ಸೀರಿ! ನೀವ ಸಾಕ್ಷಿ!" ಎಂದು ಕೈ ಎತ್ತಿದ. ಲಗಮವ್ವ ಎಡಕ್ಕೆ ಬಾಗಿದಳು. ಆಕೆಗೆ ಕೇಳಿಸಲಿಲ್ಲವೇನೋ ಎಂದು ಮಲಕಪ್ಪನೂ ಎಡಕ್ಕೆ ಬಾಗಿದ. ಆಕೆ ಬಲಕ್ಕೆ ಬಾಗಿದಳು. ಅವನೂ ಬಲಕ್ಕೆ ಬಂದ. ಇಪ್ಪತ್ತೊಂದು ಜನ ಒಟ್ಟಿಗೆ ಅವನ ಕಡೆ ತಿರುಗಿ "ಕೂಡ್ರೋ!" ಎಂದರು. ಅವನು ಕೂತಾಗ ಪರದೆಯ ಮೇಲೆ ರೈಲ್ವೆ ಸ್ಟೇಷನ್ ಇತ್ತು.

"ಅವ್ವಾ, ಬಂದೇನು?" ಜಯಶ್ರೀ ತಾಯಿಯ ಕಿವಿಯಲ್ಲಿ ಕೇಳಿದಳು.

"ಹೊಳಿ ಕಂಡೆ. ನಮ್ಮ ಹೊಳಿನ ಅದು" ಎಂದಳು ಲಗಮವ್ವ. "ಆಮ್ಯಾಲೆ ನಿನ್ನ ಗಂಡನ ಅಂಗಿ ಕಂಡೆ."

ಜಯಶ್ರೀ ಸಾಲಿನ ಉದ್ದಕ್ಕೂ ಕೇಳುತ್ತ ಹೋದಳು. ಹುಸೇನಸಾಬ ಮಲಕಪ್ಪನನ್ನು ನೋಡುತ್ತಿದ್ದ. ಮೌಲಾಬಿ ಮಲಕಪ್ಪನನ್ನು ಬೈಯುತ್ತಿದ್ದಳು. ಸಂಗವ್ವ ಕಣ್ಣು ಮುಚ್ಚಿ ಅವನಿಗೆ ಬುದ್ಧಿ ಕೊಡೆಂದು ಬೀರಪ್ಪನನ್ನು ಕೇಳುತ್ತಿದ್ದಳು. ಪರದೆಯನ್ನು ಯಾರೂ ನೋಡಿರಲಿಲ್ಲ. ಲಗಮವ್ವ ತಲೆಯ ಮೇಲಿನ ಸೆರಗು ಮುಂದಕ್ಕೆಳೆದುಕೊಂಡು ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಮಲಕಪ್ಪ ಆಮೇಲೆ ಏಳಲಿಲ್ಲ.

ಹಣಮೇಶ ರೈಲು ಹತ್ತಿ ಹೋದ. ಅಂಜನಾ ಪ್ಲಾಟ್‌ಫಾರಂ ಮೇಲೆ ಉಳಿದಳು. ದೀಪಗಳು ಹತ್ತಿದವು. ಒಂಬತ್ತು ಜನ ಎದ್ದು ಹೋದರು. ಇಪ್ಪತ್ತಮೂರು ಜನ ಕೂತೇ ಇದ್ದರು.

ಮ್ಯಾನೇಜರ ಮಾಳಿಂಗರಾಯ ಬಂದ. "ಮುಗೀತ್ರಿ. ಏಳ್ರಿ."

"ಕುರಿ?" ಎಂದಳು ಸಂಗವ್ವ.

"ಏನು?"

"ಹಣಮೇಶ ಕುರಿ ಸಾಕಬೇಕಲ್ಲ. ಆ ಭಾಗ ತೋರಸ್ರಿ. ನಾವು ಕೂತೇವಿ."

"ಯಾವ ಕುರಿ ಯವ್ವಾ? ಕುರಿ ಇಲ್ಲ. ರೈಲ ಹತ್ತಿ ಹೋದ, ಮುಗೀತು."

"ಕತ್ತರಿಸ್ಯಾರ!" ಹುಸೇನಸಾಬ ಎದ್ದು ನಿಂತ. "ಇಪ್ಪತ್ನಾಕ ಹಾಳಿ ಕುರಿ ಐತಿ ಪುಸ್ತಕದಾಗ. ನಾನ ಹೊಲದೇನಿ. ನನಗ ಹೇಳ್ತೀರೇನು?"

ಮಾತು ಬೆಳೆಯಿತು. ಮಾಳಿಂಗರಾಯ ತನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಹಾಡು ಕತ್ತರಿಸಿದ್ದಕ್ಕೆ ಗಲಾಟೆ ಕಂಡಿದ್ದ, ಹೊಡೆದಾಟ ಕತ್ತರಿಸಿದ್ದಕ್ಕೆ ಗಲಾಟೆ ಕಂಡಿದ್ದ. ಜಂತುಹುಳದ ಔಷಧ ಕತ್ತರಿಸಿದ್ದಕ್ಕೆ ಗಲಾಟೆ ಕಂಡಿರಲಿಲ್ಲ. ಪೊಲೀಸರಿಗೆ ಫೋನ್ ಮಾಡಿದ.

ಬಂದವನು ಹವಾಲ್ದಾರ ಚಮನಸಾಬ. ಚೊಳಚಗುಡ್ಡದವನು, ಮನೆಯಲ್ಲಿ ಆರು ಕುರಿ ಇದ್ದವು. ಎರಡೂ ಕಡೆಯ ಮಾತು ಕೇಳಿ, ಪುಸ್ತಕ ತೆಗೆದುಕೊಂಡು ಕಡೆಯ ಭಾಗ ತೆರೆದ. ಓದುತ್ತ ಹೋದ. ಒಂದು ಪುಟ, ಎರಡು ಪುಟ. ಎಲ್ಲರೂ ಕಾದರು.

"ಸಾಹೇಬ್ರ?" ಎಂದ ಮಾಳಿಂಗರಾಯ.

"ಸುಮ್ನಿರ್ರಿ. ಕಾಲಬ್ಯಾನಿಗೆ ಮೈಲತುತ್ತದ ನೀರು ಎಷ್ಟು ದಿನಕ್ಕೊಮ್ಮಿ ಅನ್ನೂದು ಬರದೈತಿ." ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ಆಮೇಲೆ ಪುಸ್ತಕ ಮುಚ್ಚಿ, "ಬರದದ್ದು ಖರೆ ಐತಿ" ಎಂದ. "ಪುಸ್ತಕದಾಗ ಕುರಿ ಅದಾವು. ಸಿನಿಮಾದಾಗ ಅದಾವೋ ಇಲ್ಲೋ ನಾ ನೋಡಿಲ್ಲ. ನೋಡದ ಪಂಚನಾಮಿ ಬರಿಯಾಕ ಬರಂಗಿಲ್ಲ. ಹಚ್ರಿ ಮತ್ತೊಮ್ಮಿ."

"ಪೂರ್ತಿ? ಸಂಜಿ ಶೋಕ್ಕ ಮಂದಿ ಬರತೈತಿ, ಸಾಹೇಬ್ರ!"

"ಪೂರ್ತಿ ಬ್ಯಾಡ. ಎಲ್ಲಿಂದ ಹಚ್ಚಬೇಕು? ಯಾರು ದೂರು ಕೊಟ್ಟವ್ರು?"

ಎಲ್ಲರೂ ಮಲಕಪ್ಪನನ್ನು ನೋಡಿದರು. ಕುರಿ ಬರಬೇಕಾದದ್ದು ಕಡೆಗೆ. ಕಡೆಯ ಹತ್ತು ನಿಮಿಷ ಎಂದರೆ ಸಾಕಿತ್ತು. ಮಲಕಪ್ಪ ಒಮ್ಮೆ ಹಿಂದಿನ ಸಾಲಿಗೆ ಕಣ್ಣು ಹಾಯಿಸಿದ. ಲಗಮವ್ವ ಚೀಲದ ಬಾಯಿಯ ದಾರ ಬಿಗಿಯುತ್ತಿದ್ದಳು.

"ಹೊಳಿ ಸೀನಿನಿಂದ ಹಚ್ರಿ" ಎಂದ.

"ಕುರಿ ಕಡೀಕಂತ ಅಂದ್ರಲ್ಲ?"

"ಸಾಹೇಬ್ರ, ಇಳಕಲ್ ಸೀರಿಗೆ ಸೆರಗ ಕೂಡಿಸೂ ಕೊಂಡಿ ಇರತೈತಲ್ಲ, ಹಂಗ ಈ ಕತಿ ಕೊಂಡಿ ಅಲ್ಲೈತಿ. ಅಲ್ಲಿಂದ ನೋಡಿದ್ರ ತಿಳೀತೈತಿ. ಓದಿದವಗ ಗೊತ್ತು."

ಜಯಶ್ರೀ ಗಂಡನ ಮುಖ ನೋಡಿದಳು.

"ಆದ್ರ ನೀವು" ಎಂದ ಹವಾಲ್ದಾರ, "ಇಲ್ಲಿ ನನ್ನ ಕಾಲಾಗ ಕೂಡ್ರಿ. ಎದ್ರ ಒಳಗ ಹಾಕ್ತೇನಿ."

ಮಲಕಪ್ಪ ನೆಲದ ಮೇಲೆ ಕೂತ. ಮೇಲೆ ಕೋಣೆಯಲ್ಲಿ ಆಪರೇಟರ್ ಸಾಹಿಲ ಹೊಳೆ ಹುಡುಕಿ ಹಚ್ಚಿದ.

ದೂರದಲ್ಲಿ ಹಣಮೇಶ ನಿಂತಿದ್ದ. ಅಂಜನಾ ಕೆಂಪು ಸೀರೆಯಲ್ಲಿ ಓಡಿಬಂದಳು. ಯಾರೂ ಅವರನ್ನು ನೋಡಲಿಲ್ಲ. ಯಾಕೆಂದರೆ ಹತ್ತಿರದಲ್ಲಿ, ಪರದೆಯ ಈ ತುದಿಯಿಂದ, ತಲೆತುಂಬ ಸೆರಗು ಹೊದ್ದ ಒಬ್ಬ ಮುದುಕಿ ಕೊಡ ಹೊತ್ತು ಬಂದಳು. ಅವಸರವಿಲ್ಲದೆ, ಹನ್ನೆರಡನೆಯ ಸಲ ನಡೆಯುವವಳ ನಡಿಗೆಯಲ್ಲಿ. ಆಕೆಯ ಹಿಂದೆ ಸಾಲಾಗಿ ಏಳು ಕುರಿ. ಕಡೆಯದು ನಡುವೆ ನಿಂತು, ಇಡೀ ಟಾಕೀಜನ್ನು ಒಮ್ಮೆ ನೋಡಿ, ಮುಂದೆ ಹೋಯಿತು.

"ಕುರಿ!" ಎಂದು ಹವಾಲ್ದಾರನೇ ಎದ್ದು ನಿಂತ. "ಅದಾವಲ್ಲೋ!"

ಓಣಿ ಸಿಳ್ಳೆ ಹೊಡೆಯಿತು. ಸಂಗವ್ವ ಪರದೆಗೆ ಕೈಮುಗಿದಳು. ಮೌಲಾಬಿ ಲಗಮವ್ವನನ್ನು ತಬ್ಬಿಕೊಂಡು ಅಲುಗಾಡಿಸಿದಳು. ಹುಸೇನಸಾಬ ಪ್ರತಿ ಕುರಿಗೂ ಒಂದೊಂದು ಬೆರಳು ಮಡಿಚಿದ. ಲಗಮವ್ವ ತನ್ನನ್ನು ನೋಡಿಕೊಂಡಳೋ ಇಲ್ಲವೋ, ಆಕೆಯ ಬೆರಳು ಕಡೆಯ ಕುರಿಯ ಕಡೆ ಚಾಚಿತ್ತು.

"ಕೆಂಚಿ" ಎಂದಳು. "ಅಕಾ ನೋಡ್ರಿ, ನಮ್ಮ ಕೆಂಚಿ."

ಕೆಂಚಿ ಹೋದ ವರ್ಷ ಸತ್ತಿತ್ತು. ಇಲ್ಲಿ ನಡೆಯುತ್ತಿತ್ತು.

"ತಮ್ಮಾ, ಮತ್ತೊಮ್ಮಿ ಹಚ್ಚು" ಎಂದಳು ಮೇಲಿನ ಕೋಣೆಯ ಕಿಂಡಿಯ ಕಡೆ ತಿರುಗಿ. ಸಾಹಿಲ ಹಚ್ಚಿದ. ಇನ್ನೊಮ್ಮೆ ಎಂದಳು. ಅದನ್ನೂ ಹಚ್ಚಿದ. ಮಾಳಿಂಗರಾಯ ಗಡಿಯಾರ ನೋಡಲು ಕೈ ಎತ್ತಿದವನು ಹಾಗೇ ಇಳಿಸಿದ. ಚಮನಸಾಬ ಪಂಚನಾಮೆಯಲ್ಲಿ, "ಚಿತ್ರದಲ್ಲಿ ಕುರಿಗಳು ಏಳು ಇರುವುದನ್ನು ಮೂರು ಸಲ ಖುದ್ದಾಗಿ ಕಂಡೆನು. ಒಬ್ಬ ಅಜ್ಜಿ ಸಹ ಇರುತ್ತಾಳೆ" ಎಂದು ಬರೆದು, ಇಬ್ಬರ ಸಹಿ ಹಾಕಿಸಿಕೊಂಡ. ಅಜ್ಜಿಯಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡ.

ತಿರುಗಿ ಬರುವಾಗ ಕ್ರೂಸರಿನಲ್ಲಿ ಮಲಕಪ್ಪ ಎಲ್ಲರಿಗಿಂತ ಮುಂದೆ, ಡ್ರೈವರನ ಪಕ್ಕ ಕೂತಿದ್ದ. ಪುಸ್ತಕ ತೊಡೆಯ ಮೇಲಿತ್ತು. ಅವನ ದನಿ ತಿರುಗಿ ಬಂದಿತ್ತು.

"ನಾ ಹೇಳಿದ್ದಿಲ್ಲೇನು? ಓದಿ ಹೋಗಿದ್ದಕ್ಕ ಕುರಿ ಕೇಳಿದ್ವಿ. ಓದದವ್ರು ಎದ್ದು ಹೋದ್ರು ನೋಡ್ರಿ, ಒಂಬತ್ತೂ ಮಂದಿ. ಅವ್ರಿಗೆ ಏನ ತಿಳೀತು?"

"ಖರೆ" ಎಂದ ಹುಸೇನಸಾಬ. "ಹೊಲಿಗಿ ಗಟ್ಟಿ ಇತ್ತು, ಅದಕ್ಕ ಪುಸ್ತಕಾ ಇಷ್ಟೆಲ್ಲಾ ತಡಕೊಂಡ್ತು."

ಅಮೀನಗಡ ದಾಟಿತು. ಹಿಂದಿನ ಸೀಟಿನಿಂದ ಲಗಮವ್ವ ಮುಂದಕ್ಕೆ ಬಾಗಿ ಅಳಿಯನ ಹೆಗಲು ಮುಟ್ಟಿದಳು.

"ಅಲ್ಲ ಮಲಕಪ್ಪಾ, ನೀ ಎಲ್ಲಾ ಹಾಳಿ ಓದೀದಿ. ಒಂದೂ ಬಿಟ್ಟಿಲ್ಲ. ಆ ಪುಸ್ತಕದಾಗ ನಾ ಎಲ್ಲೂ ಇಲ್ಲೇನು?"

ಮಲಕಪ್ಪ ರಟ್ಟಿನ ಮೇಲೆ ಕೈಯಿಟ್ಟು ಯೋಚಿಸಿದ. ಸುಳ್ಳು ಹೇಳಲು ಬರುವ ಜಾಗವಲ್ಲ. ಇಪ್ಪತ್ತೆರಡು ಜನ ಕೇಳಿದ್ದಾರೆ.

"ಇಲ್ಲತ್ತಿ. ಕುರಿ ಅದಾವು. ನೀವಿಲ್ಲ."

ಲಗಮವ್ವ ಸೀಟಿಗೆ ಒರಗಿ, ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡಳು.

"ಹಂಗಾರ ಆ ಬರದಾಂವ" ಎಂದಳು, "ಮೊದಲ ಸಿನಿಮಾ ನೋಡಿ, ಆಮ್ಯಾಲೆ ಪುಸ್ತಕಾ ಬರೀಬೇಕಾಗಿತ್ತು."